ಮಗನ ಎದುರು ಉಣ್ಣಬಾರದು

ನವೆಂಬರ್ 24, ಸೋಮವಾರ

ಹರ್ಷ ಮನೆಗೆ ಬಂದ.

ಇಷ್ಟು ಬರೆದು ನಿಲ್ಲಿಸಿದರೂ ಸಾಕು. ಈ ಡೈರಿ ಬೀಜದಂಗಡಿಯವರು ಕೊಟ್ಟದ್ದು. ಯಾವ ಕುರಿ ಯಾವಾಗ ಈಯಿತು, ಯಾವಾಗ ಲಸಿಕೆ ಹಾಕಿಸಿದೆ ಎಂದು ಮಾತ್ರ ಇದರಲ್ಲಿ ಬರೆಯುತ್ತಿದ್ದೆ. ಗಣೇಶನ ಹಬ್ಬದ ವಾರದಿಂದ ಪುಟಗಳೆಲ್ಲ ಖಾಲಿ. ಆ ವಾರ ಶಾಲೆಗೆ ಹೊರಟ ಮಗ ಹೊಸ್ತಿಲು ದಾಟುವಾಗ ಕಾಲು ಕುಸಿದು ಕೂತ. ಮರುದಿನ ಕೈ ಏಳಲಿಲ್ಲ. ಅದರ ಮರುದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಉಸಿರಾಡಲು ಯಂತ್ರ ಹಾಕಿದರು. ನರಗಳ ಕಾಯಿಲೆ, ವಾಸಿಯಾಗುತ್ತದೆ, ಆದರೆ ನಿಧಾನ ಎಂದರು. ಹೆಂಡತಿ ಸುಮಾ ಮೂರು ತಿಂಗಳು ಅವನ ಮಂಚ ಬಿಟ್ಟು ಕದಲಲಿಲ್ಲ. ನಾನು ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದೆ.

ಇವತ್ತು ನಮ್ಮೂರ ಚನ್ನೇಶನ ವ್ಯಾನಿನಲ್ಲಿ ಕರೆತಂದೆವು. ಅಂಜನಾಪುರದ ಕಾಲುವೆ ಏರಿ ಹತ್ತಿದ ಕೂಡಲೇ ಹರ್ಷ ಕಿಟಕಿಗೆ ಮುಖ ಹಚ್ಚಿದ. ರಸ್ತೆಯುದ್ದಕ್ಕೂ ಮೆಕ್ಕೆಜೋಳ ಒಣಗಲು ಹಾಕಿದ್ದರು. "ಅಮ್ಮ, ನಮ್ಮೂರು ಹಳದಿ ಆಗೈತಿ" ಎಂದ. ದನಿ ಸಣ್ಣಗಿದೆ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು. ಉಸಿರಿಗಾಗಿ ಕತ್ತಿನಲ್ಲಿ ಮಾಡಿದ್ದ ತೂತು ಮುಚ್ಚಿದೆ. ಮೂಗಿನ ಪೈಪು ಮಾತ್ರ ಇನ್ನೂ ಇದೆ, ಕೆನ್ನೆಗೆ ಅಂಟುಪಟ್ಟಿ ಹಾಕಿ ನಿಲ್ಲಿಸಿದ್ದಾರೆ. ಹೊಟ್ಟೆಗೆ ಹೋಗುವುದೆಲ್ಲ ಅದರಿಂದಲೇ.

ಹೊರಡುವ ಮುಂಚೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ನುಂಗೋ ಶಕ್ತಿ ಬಂದಿದೆ, ಪರೀಕ್ಷೆ ಮಾಡಿದೀವಿ. ಮನಸ್ಸು ಬಂದಿಲ್ಲ. ಬಾಯಿ ಹತ್ರ ಏನು ತಂದ್ರೂ ಹೆದರ್ತಾನೆ. ನೆಟ್ಟಗೆ ಕೂರಿಸಿ, ಮೆತ್ತಗಿರೋದನ್ನ ತೋರಿಸ್ತಾ ಇರಿ. ತೆಳ್ಳಗಿನ ನೀರು, ಹಾಲು ಸದ್ಯಕ್ಕೆ ಬೇಡ. ಜನವರಿಗೂ ಉಣ್ಣದಿದ್ರೆ ಮೂಗಿನದು ತೆಗೆದು ಹೊಟ್ಟೆಗೇ ಒಂದು ಪೈಪು ಕೂರಿಸಬೇಕಾಗುತ್ತೆ."

ಮನೆ ಮುಂದೆ ಅರ್ಧ ಊರು ಸೇರಿತ್ತು. ಅವ್ವ ಆರತಿ ತಟ್ಟೆ ಹಿಡಿದು, ಹಾಡು ಮರೆತು, "ಬಂದ್ಯಾ ನನ್ನ ದೊರಿ, ಬಂದ್ಯಾ" ಎಂದಷ್ಟೇ ಹೇಳುತ್ತ ನಿಂತಳು. ಹರ್ಷನನ್ನು ಚನ್ನೇಶ್ ಎತ್ತಿಕೊಂಡು ಒಳಗೆ ಮಲಗಿಸಿದ. ನಾನು ಸಾಮಾನು ಇಳಿಸುತ್ತಿದ್ದೆ. ಸಾಮಾನು ಬಹಳ ಇತ್ತು.

ನವೆಂಬರ್ 25, ಮಂಗಳವಾರ

ಬೆಳಿಗ್ಗೆಯಿಂದ ಸಂಜೆವರೆಗೆ ಕುರಿಗಳ ಜೊತೆ ಇದ್ದೆ. ಅಪ್ಪ ಒಬ್ಬರೇ ಎಷ್ಟು ಅಂತ ನೋಡಿಕೊಳ್ಳುತ್ತಾರೆ.

"ಯಾಕಲೇ ಬಂದಿ?" ಎಂದರು ಅಪ್ಪ.

"ಕುರಿ ನೋಡಾಕ."

"ಮೂರು ತಿಂಗ್ಳಿಂದ ನಾನೊಬ್ನೇ ನೋಡೀನಿ. ನೀ ಬೇಕು ಅಂತ ಕುರಿ ಏನರ ಕೇಳಿದ್ವಾ?"

ಬಿಳಿಕಿವಿಯ ಕುರಿಗೆ ಗೊರಸಿನ ಸಂದು ಊದಿದೆ. ಔಷಧಿ ಹಚ್ಚಿದೆ.

ನವೆಂಬರ್ 28, ಶುಕ್ರವಾರ

ಮನೆಯಲ್ಲಿ ಹೊಸ ಕಾನೂನು. ಹರ್ಷನ ಎದುರು ಯಾರೂ ಉಣ್ಣಬಾರದು.

ಮೊನ್ನೆ ಅವ್ವ ಬದನೆಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ವಾಸನೆ ಬಂದದ್ದೇ ಹರ್ಷ ಮುಖ ತಿರುಗಿಸಿ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಅತ್ತ. ಯಾರೋ ಈಗ ತುರುಕುತ್ತಾರೆ ಎನ್ನುವ ಹಾಗೆ. ಆಸ್ಪತ್ರೆಯಲ್ಲಿ ಏನೇನು ಆಯಿತೋ ಆ ಬಾಯಿಗೆ, ಗಂಟಲಿಗೆ. ಸುಮಾ ಅವನನ್ನು ಸಮಾಧಾನ ಮಾಡಿ ಹೊರಗೆ ಬಂದು, "ಇನ್ನು ಮೇಲೆ ಅವನ ಕಣ್ಣಿಗೆ ಅನ್ನ ಬೀಳೋದು ಬೇಡ. ತಾನಾಗೇ ಕೇಳೋವರೆಗೆ ಬೇಡ" ಎಂದಳು.

ಅವತ್ತಿನಿಂದ ನಾವು ಹಿತ್ತಲ ಕಟ್ಟೆಯ ಮೇಲೆ ಕೂತು, ತಟ್ಟೆ ಸದ್ದಾಗದಂತೆ ಉಣ್ಣುತ್ತೇವೆ. ಅಪ್ಪ ಕುರಿದೊಡ್ಡಿಗೇ ತಟ್ಟೆ ತೆಗೆದುಕೊಂಡು ಹೋಗುತ್ತಾರೆ. ಒಗ್ಗರಣೆ ಬಂದ್. ಅವ್ವ ಪಿಸುಮಾತಿನಲ್ಲಿ, "ನಮ್ಮನ್ಯಾಗ ನಾವ ಕಳ್ಳರಾದ್ವಿ ನೋಡು" ಎಂದಳು. ನಗು ಬಂತು, ಅನ್ನ ನೆತ್ತಿಗೇರಿತು. ಕೆಮ್ಮಲೂ ಹೆದರಿಕೆ.

ಸುಮಾ ಪೈಪಿನಲ್ಲಿ ಉಣಿಸುವುದನ್ನು ನೋಡಿದೆ. ಬೆನ್ನಿಗೆ ದಿಂಬು ಕೊಡುತ್ತಾಳೆ, ಪೈಪು ಸರಿಯಾಗಿದೆಯೇ ನೋಡುತ್ತಾಳೆ, ದೊಡ್ಡ ಸಿರಿಂಜು ಎತ್ತಿ ಹಿಡಿದು ಸೋಸಿದ ಗಂಜಿ ಸುರಿಯುತ್ತಾಳೆ. ಕೈ ಸ್ವಲ್ಪವೂ ನಡುಗುವುದಿಲ್ಲ. ನನ್ನ ಕಡೆ ತಿರುಗಿ, "ಹಿಡೀರಿ, ಕಲ್ತ್ಕೊಳ್ಳಿ" ಎಂದಳು. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಉಣಿಸಿ ಆಗಿತ್ತು.

ಡಿಸೆಂಬರ್ 3, ಬುಧವಾರ

ಹರ್ಷ ಇವತ್ತು ಯಾವುದಕ್ಕೂ ಆನಿಕೊಳ್ಳದೆ ಕೂತ. ಶಾಲೆಯ ಹುಡುಗರು ಜಗಲಿಯ ಕೆಳಗೆ ಸಾಲಾಗಿ ನಿಂತು ನೋಡಿದರು. "ಯಂತ್ರದಾಗ ಉಸಿರಾಡಿದ್ಯಂತೆ, ಹೆಂಗಿರ್ತದೆ?" ಎಂದು ಒಬ್ಬ ಕೇಳಿದ. ಹರ್ಷ ಬಹಳ ಯೋಚಿಸಿ, "ಪಂಪ್‌ಸೆಟ್ ಪಕ್ಕ ಮಲಗಿದಂಗೆ" ಎಂದ. ಎಲ್ಲರಿಗೂ ಹೊಟ್ಟೆಕಿಚ್ಚಾದಂತೆ ಕಂಡಿತು.

ಸುಮಾ ಮತ್ತು ಅವನ ನಡುವೆ ಎಷ್ಟೋ ಮಾತುಗಳಿವೆ, ನನಗೆ ಗೊತ್ತಿಲ್ಲದವು. ಅವನು "ಕನ್ನಡಕದ ಸಿಸ್ಟರ್" ಎಂದರೆ ಇವಳು ನಗುತ್ತಾಳೆ. ಇವಳು "ಒಂದು, ಎರಡು, ಗೂಬೆ" ಎಂದರೆ ಅವನು ಪೈಪಿನಲ್ಲಿ ಔಷಧಿ ಹಾಕಿಸಿಕೊಳ್ಳಲು ಮುಖ ಎತ್ತುತ್ತಾನೆ. ಗೂಬೆ ಯಾಕೆ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಅದು ಹೇಳಿದ್ರೆ ಗೊತ್ತಾಗಲ್ಲ ಬಿಡಿ" ಎಂದಳು ಸುಮಾ. ಮನೆ ನನ್ನದೇ, ಆದರೂ ನೋಡಲು ಬಂದ ನೆಂಟನ ಹಾಗೆ ಅನ್ನಿಸಿತು. ಕಿತ್ತಳೆ ಹಣ್ಣು ಹಿಡಿದು ಬರಬೇಕಿತ್ತು.

ಡಿಸೆಂಬರ್ 9, ಮಂಗಳವಾರ

ಕೆಟ್ಟ ದಿನ.

ಸುಮಾ ಬೆಳಿಗ್ಗೆ ಗಟ್ಟಿ ಮೊಸರನ್ನು ಚಮಚದ ತುದಿಯಲ್ಲಿ ಹಚ್ಚಿ ತುಟಿಗೆ ತಾಗಿಸಿದಳು. ಅವನು ಓಕರಿಸಿದ. ಅವ್ವ ಪಾಯಸ ತಂದಳು, ಅದನ್ನೂ ಉಗುಳಿದ. ಬೆಲ್ಲ ಬೇಡ, ಬಾಳೆಹಣ್ಣು ಬೇಡ. ಕೊನೆಗೆ ಚಮಚ ಕಂಡರೇ ಕಿರುಚತೊಡಗಿದ. ಸುಮಾ ಬಟ್ಟಲನ್ನು ಅಂಗಳಕ್ಕೆ ಎಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಟಗರು ನೋಡಲು ಆನವಟ್ಟಿಗೆ ಹೋದೆ. ಒಳ್ಳೆಯ ತಳಿ ಬಂದಿದೆ ಎಂದು ಯಾರೋ ಹೇಳಿದ್ದರು. ಟಗರು ಅಷ್ಟೇನೂ ಚೆನ್ನಾಗಿರಲಿಲ್ಲ. ಸಂತೆ ಬೀದಿಯಲ್ಲಿ ಚಹಾ ಕುಡಿದೆ, ಇನ್ನೊಂದು ಚಹಾ ಕುಡಿದೆ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ.

ಸುಮಾ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ನಮ್ಮಮ್ಮನ ಮನೆ ಮುಂದೇ ಹಾದು ಹೋಗಿರ್ತೀರಿ. ಒಳಗೆ ಹೋಗಿದ್ರಾ?"

"ಹೊತ್ತಾಗಿತ್ತು."

"ಮೂರು ತಿಂಗಳು ಬಸ್ಸಲ್ಲಿ ಬರ್ತಿದ್ರಿ, ಬಸ್ಸಲ್ಲಿ ಹೋಗ್ತಿದ್ರಿ. ಅದು ಸರಿ, ಕುರಿ ಇತ್ತು, ಹೊಲ ಇತ್ತು. ಈಗ ಮಗ ಮನೇಲೇ ಇದಾನೆ ಮಾರಾಯ್ರೆ. ನೀವಿನ್ನೂ ಬಸ್ಸಲ್ಲೇ ಇದೀರಿ."

ಅವನ ಕಾಲು ಮುಟ್ಟಿದರೆ ಮುರಿಯುತ್ತದೇನೋ ಅನ್ನಿಸುತ್ತದೆ. ಪೈಪು ಮುಟ್ಟಿದರೆ ಉಸಿರು ನಿಲ್ಲುತ್ತದೇನೋ ಅನ್ನಿಸುತ್ತದೆ. ಇದನ್ನು ಯಾರ ಹತ್ತಿರ ಹೇಳುವುದು.

ಡಿಸೆಂಬರ್ 10, ಬುಧವಾರ

ಇವತ್ತು ಎಲ್ಲಿಗೂ ಹೋಗಲಿಲ್ಲ.

ಕಾಲಿನ ವ್ಯಾಯಾಮ ನಾನೇ ಮಾಡಿಸುತ್ತೇನೆ ಎಂದೆ. ಸುಮಾ ಒಂದು ಸಲ ತೋರಿಸಿ ಪಕ್ಕಕ್ಕೆ ಸರಿದಳು. ಮಂಡಿ ಮಡಿಸಬೇಕು, ಚಾಚಬೇಕು, ಪಾದ ಒತ್ತಿ ಹಿಡಿಯಬೇಕು. ಕಾಲು ಬೆಚ್ಚಗಿತ್ತು. ನಾನೇಕೋ ತಣ್ಣಗಿರುತ್ತದೆ ಎಂದುಕೊಂಡಿದ್ದೆ.

ಹರ್ಷ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, "ಅಪ್ಪ, ನೀನು ಗೊರಸು ಕತ್ತರಿಸೋರಂಗೆ ಹಿಡೀತೀಯ" ಎಂದ.

"ಮತ್ತೆ? ನನಗೆ ಗೊತ್ತಿರೋದು ಅದೇ."

"ಬ್ಯಾ" ಎಂದ. ನಾನೂ "ಬ್ಯಾ" ಎಂದೆ. ಒಳಗಿನಿಂದ ಅವ್ವ, "ಕುರಿಮರಿ ಒಳಗ್ ಬಂತಾ ಹ್ಯಾಂಗ?" ಎಂದು ಪೊರಕೆ ಹಿಡಿದು ಓಡಿ ಬಂದಳು. ಹರ್ಷ ನಕ್ಕ ನಗೆಗೆ ಸದ್ದಿರಲಿಲ್ಲ, ಆದರೆ ಹೊಟ್ಟೆ ಕುಣಿಯುತ್ತಿತ್ತು.

ಡಿಸೆಂಬರ್ 17, ಬುಧವಾರ

ಪೈಪಿನಲ್ಲಿ ಉಣಿಸಲು ಬಂತು. ಮಧ್ಯಾಹ್ನದ ಪಾಳಿ ನನ್ನದು. ಗಂಜಿ ಬಿಸಿ ಇದೆಯೇ ಎಂದು ಮುಂಗೈಗೆ ಹಾಕಿ ನೋಡಿಕೊಳ್ಳುವುದು, ಸಿರಿಂಜು ಅವನ ಹಣೆಗಿಂತ ಒಂದು ಗೇಣು ಮೇಲೆ ಹಿಡಿಯುವುದು. ಆತುರ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ.

ಸುಮಾ ಊಟ ಮಾಡಿ ಮಲಗಿದವಳು ಹಸು ಬರುವ ಹೊತ್ತಿಗೂ ಏಳಲಿಲ್ಲ. ಅವ್ವ ಎರಡು ಸಲ ಹೋಗಿ ಉಸಿರಾಡುತ್ತಿದ್ದಾಳೋ ಇಲ್ಲವೋ ನೋಡಿ ಬಂದಳು.

ಕುರಿಗಳ ಕಡೆ ಹೋಗಿ ಎಷ್ಟು ದಿನವಾಯಿತೋ. ಬಿಳಿಕಿವಿಯದು ಈದಿದೆಯಂತೆ, ಅಪ್ಪ ಹೇಳಿದರು. ಯಾವತ್ತು ಎಂದು ಕೇಳಿ ಬರೆದುಕೊಳ್ಳಬೇಕು.

ಡಿಸೆಂಬರ್ 22, ಸೋಮವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಎಲ್ಲ ಬರೆದಿಡುತ್ತೇನೆ.

ಸುಮಾ ಮತ್ತು ಅವ್ವ ಬೆಳಿಗ್ಗೆ ಬಸ್ಸಿಗೆ ಶಿಕಾರಿಪುರಕ್ಕೆ ಹೋಗಿದ್ದರು, ಔಷಧಿ ತರಲು. ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದರು. ಮನೆಯಲ್ಲಿ ನಾನು, ಹರ್ಷ ಇಬ್ಬರೇ. ಹೆದರಿಕೆ ಏನೂ ಆಗಲಿಲ್ಲ. ಅವನಿಗೆ ಗಂಜಿ ಕೊಟ್ಟೆ, ಮೈ ಒರೆಸಿದೆ, ಜಗಲಿಯ ಬಿಸಿಲಿನಲ್ಲಿ ಮಲಗಿಸಿದೆ. ನಿದ್ದೆ ಹೋದ. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಆಗ ನೆನಪಾಯಿತು.

ಪಕ್ಕದ ಮನೆಯ ಈಶ್ವರಮ್ಮ ಡಬ್ಬಿ ಹಿಡಿದು ಬಂದರು. "ಎಮ್ಮಿ ಈದೈತಿ ಮಾಂತೇಶ, ಗಿಣ್ಣು ಮಾಡೀನಿ. ಬಿಸಿ ಐತಿ, ತಿನ್ನು" ಎಂದು ಕೊಟ್ಟು ಹೋದರು. ಮುಚ್ಚಳ ತೆಗೆದೆ. ಬೆಲ್ಲ, ಏಲಕ್ಕಿಯ ಹಬೆ ಮುಖಕ್ಕೆ ಬಡಿಯಿತು. ಗಿಣ್ಣು ತಿನ್ನದೆ ವರ್ಷವಾಗಿತ್ತು. ಹಿತ್ತಲಿಗೆ ಹೋಗಬೇಕು ಎಂಬುದು ಮರೆತೇ ಹೋಯಿತು. ಜಗಲಿಯಲ್ಲಿ ನಿಂತಲ್ಲೇ ಒಂದು ದೊಡ್ಡ ತುಂಡು ಬಾಯಿಗೆ ಹಾಕಿಕೊಂಡೆ.

ತಿರುಗಿದರೆ ಹರ್ಷ ಕಣ್ಣು ಬಿಟ್ಟು ನೋಡುತ್ತಿದ್ದಾನೆ.

ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೆನ್ನೆ ಉಬ್ಬಿಸಿಕೊಂಡು ನಿಂತೆ.

"ಏನು ತಿಂತಿದೀ?"

ತಲೆ ಅಲ್ಲಾಡಿಸಿದೆ.

"ಬಾಯಲ್ಲಿ ಐತಲ್ಲ."

ನುಂಗಿದೆ. "ಗಿಣ್ಣು" ಎಂದೆ. ಅವನು ಅಳುತ್ತಾನೆ ಎಂದು ಕಾಯುತ್ತಿದ್ದೆ. ಅವನು ಅಳಲಿಲ್ಲ. ಹುಬ್ಬು ಗಂಟಿಕ್ಕಿ, ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತಿನ ಹಾಗೆ ಕೇಳಿದ:

"ಅಪ್ಪ, ನೀವೆಲ್ಲ ಉಣ್ತೀರಾ?"

"ಹಂಗಂದ್ರೆ?"

"ಮನೆಗೆ ಬಂದಾಗಿಂದ ಯಾರೂ ಉಣ್ಣೋದು ನೋಡೇ ಇಲ್ಲ. ಅಜ್ಜಿ ಉಣ್ಣಲ್ಲ, ತಾತ ಉಣ್ಣಲ್ಲ. ನಿಮಗೂ ಹೊಟ್ಟೆ ಹತ್ರ ಪೈಪು ಐತೇನೋ, ಅಂಗಿ ಒಳಗೆ ಮುಚ್ಕೊಂಡೀರೇನೋ ಅನ್ಕೊಂಡಿದ್ದೆ."

ಡಬ್ಬಿ ಕೆಳಗಿಟ್ಟು ಅವನ ಪಕ್ಕ ಕೂತೆ. ಅಂಗಿ ಎತ್ತಿ ಹೊಟ್ಟೆ ತೋರಿಸಿದೆ. ಅವನು ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಎಂಥ ದೊಡ್ಡ ತಪ್ಪು ಮಾಡಿದ್ದೆವು! ಅವನಿಗೆ ಹೆದರಿಕೆಯಾಗದಿರಲಿ ಎಂದು ನಾವೆಲ್ಲ ಹಿತ್ತಲಲ್ಲಿ ಕೂತರೆ, ಅವನು ಇಡೀ ಮನೆಯೇ ಕಾಯಿಲೆ ಬಿದ್ದಿದೆ ಎಂದುಕೊಂಡು ಒಳಗೊಳಗೇ ನವೆಯುತ್ತಿದ್ದ.

"ನಾವೆಲ್ಲ ಚೆನ್ನಾಗೇ ಉಣ್ತೀವಿ ಮಗನೇ. ನಿನ್ನೆ ನಿಮ್ಮ ತಾತ ನಾಲ್ಕು ರೊಟ್ಟಿ ತಿಂದರು."

"ನಾಲ್ಕಾ!" ಅವನ ಮುಖ ಅರಳಿತು. ಆಮೇಲೆ ಡಬ್ಬಿ ನೋಡಿದ. "ನಂಗೊಂಚೂರು."

ಸುಮಾ ಬರುವವರೆಗೆ ಕಾಯೋಣವೇ ಎಂದುಕೊಂಡೆ. ಅಷ್ಟರಲ್ಲಿ ಅವನ ಮನಸ್ಸು ತಿರುಗಿದರೆ? ಡಾಕ್ಟರಮ್ಮ ಹೇಳಿದ್ದೆಲ್ಲ ನೆನಪು ಮಾಡಿಕೊಂಡೆ. ಗೋಡೆಗೆ ಆನಿಸಿ ನೆಟ್ಟಗೆ ಕೂರಿಸಿದೆ. ಗಿಣ್ಣು ಮೆತ್ತಗಿತ್ತು, ಗಟ್ಟಿ ಮೊಸರಿನಷ್ಟೇ ಮೆತ್ತಗೆ. ಚಮಚ ತರಲಿಲ್ಲ, ಚಮಚ ಕಂಡರೆ ಅವನಿಗಾಗದು. ಕೈ ತೊಳೆದುಕೊಂಡು ಬಂದು ಹೆಸರುಕಾಳಿನಷ್ಟನ್ನು ಬೆರಳ ತುದಿಯಲ್ಲಿ ತೆಗೆದು ಹಿಡಿದೆ. ತುರುಕಲಿಲ್ಲ, ಹಿಡಿದೆ ಅಷ್ಟೇ. ಅವನೇ ಮುಂದೆ ಬಾಗಿ ಬೆರಳು ಚೀಪಿದ.

ಬಾಯಿ ಮುಚ್ಚಿದ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕೆಮ್ಮಲಿಲ್ಲ. ಓಕರಿಸಲಿಲ್ಲ.

"ಸಿಹಿ" ಎಂದ. "ಇನ್ನೊಂಚೂರು."

ಇನ್ನೊಂದು. ಮತ್ತೊಂದು. ಹೀಗೆ ಕೊಡುತ್ತಿರುವಾಗ ಅಂಗಳದಲ್ಲಿ ಚೀಲ ಬಿದ್ದ ಸದ್ದಾಯಿತು. ಸುಮಾ ನಿಂತಿದ್ದಳು. ಔಷಧಿಯ ಚೀಲ ಕೈಯಿಂದ ಜಾರಿತ್ತು. ನಾನು ಬೆರಳು ಗಾಳಿಯಲ್ಲೇ ಹಿಡಿದು, ಬೈಗುಳ ತಿನ್ನಲು ತಯಾರಾದೆ. ಅವಳು ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ನೋಡಿದಳು. ಹರ್ಷ ಇನ್ನೊಂದು ಸಲ ನುಂಗಿದ. ಅವಳ ಗಂಟಲೂ ಅವನ ಜೊತೆಗೇ ನುಂಗಿತು.

"ನನಗೇನಾದ್ರೂ ಉಳಿಸಿದೀರಾ, ಇಲ್ಲ ಅಪ್ಪ ಮಗ ಇಬ್ರೇ ಮುಗಿಸ್ತೀರಾ?" ಎಂದಳು. ಹೇಳುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ.

ಹಿಂದಿನಿಂದ ಅವ್ವ ಬಂದವಳು ಯಾರ ಜೊತೆಯೂ ಮಾತಾಡದೆ ನೇರ ಅಡುಗೆಮನೆಗೆ ಹೋಗಿ ಬಾಣಲೆ ಇಟ್ಟಳು. ಸಾಸಿವೆ ಸಿಡಿಯಿತು, ಕರಿಬೇವು ಚಟಪಟ ಎಂದಿತು. ಊರಿಗೆಲ್ಲ ಕೇಳುವಂಥ ಒಗ್ಗರಣೆ. ಸಂಜೆ ಎಲ್ಲರೂ ಹರ್ಷನ ಸುತ್ತ ನಡುಮನೆಯಲ್ಲೇ ಕೂತು ಉಂಡೆವು. ಅಪ್ಪ ಅಭ್ಯಾಸ ಬಲದಿಂದ ತಟ್ಟೆ ಹಿಡಿದು ದೊಡ್ಡಿಯ ಕಡೆ ಹೊರಟಿದ್ದರು. ಹರ್ಷ, "ತಾತ, ಇಲ್ಲೇ ಕೂತ್ಕೋ, ನಾಲ್ಕು ರೊಟ್ಟಿ ತಿನ್ನೋದು ನಾನು ನೋಡ್ಬೇಕು" ಎಂದ. ಅಪ್ಪ ಐದು ತಿಂದರು.

ಡಿಸೆಂಬರ್ 29, ಸೋಮವಾರ

ಗಿಣ್ಣು ಮುಗಿಯಿತು, ಎಮ್ಮೆಯ ಹಾಲು ತಿಳಿಯಾಗಿದೆ. "ಈ ಹುಡುಗನ ಸಲುವಾಗಿ ನಮ್ಮ ಎಮ್ಮಿ ವಾರಕ್ಕೊಮ್ಮೆ ಈಯಬೇಕೇನು?" ಎಂದು ಈಶ್ವರಮ್ಮ ನಕ್ಕರು.

ಎಲ್ಲವೂ ಸಲೀಸಿಲ್ಲ. ಒಂದು ದಿನ ಉಂಡರೆ ಎರಡು ದಿನ ಮುಷ್ಕರ. ಮೊಸರನ್ನ ಬೇಡ ಎಂದವನು ಗಟ್ಟಿ ಅಂಬಲಿ ಕೇಳುತ್ತಾನೆ, ಅಂಬಲಿ ಕೊಟ್ಟರೆ ಉಗುಳುತ್ತಾನೆ. ಯಾರಾದರೂ ಎದುರು ಕೂತು ಉಂಡರೆ ಮಾತ್ರ ಬಾಯಿ ತೆರೆಯುತ್ತಾನೆ. ಹೀಗಾಗಿ ಮನೆಯಲ್ಲಿ ಎಲ್ಲರೂ ಹಸಿವಿಲ್ಲದಿದ್ದರೂ ಉಣ್ಣುತ್ತಿದ್ದೇವೆ. ನನ್ನ ಪ್ಯಾಂಟು ಬಿಗಿಯಾಗಿದೆ.

ಸುಮಾ ಬೈದಳು ನನಗೆ, ಮೂರು ಹೊತ್ತೂ ನಾನೇ ಉಣಿಸಲು ಕೂರುತ್ತೇನಂತೆ, ಅವಳಿಗೆ ಬಿಡುವುದಿಲ್ಲವಂತೆ. ಈ ಹೆಂಗಸರನ್ನು ಮೆಚ್ಚಿಸಲು ಸಾಧ್ಯವಿಲ್ಲ.

ಜನವರಿ 9, ಶುಕ್ರವಾರ

ಹೊಸ ಡೈರಿ ಇನ್ನೂ ಕೊಟ್ಟಿಲ್ಲ. ಹಳೆಯದರ ಸೆಪ್ಟೆಂಬರಿನ ಖಾಲಿ ಪುಟಗಳಲ್ಲಿ ಬರೆಯುತ್ತಿದ್ದೇನೆ, ಹಾಳಾಗುವುದೇಕೆ.

ದಾವಣಗೆರೆಗೆ ಹೋಗಿ ಬಂದೆವು. ಡಾಕ್ಟರಮ್ಮ ತೂಕ ನೋಡಿದರು, ತಮ್ಮೆದುರೇ ಉಣಿಸಲು ಹೇಳಿದರು. ಹರ್ಷ ಅವರ ಕಡೆ ನೋಡಿ, "ನೀವೂ ತಿನ್ನಿ" ಎಂದ. ಅವರು ತಮ್ಮ ಮೇಜಿನ ಡ್ರಾಯರಿನಿಂದ ಬಿಸ್ಕತ್ತು ತೆಗೆದು ಕಡಿಯಬೇಕಾಯಿತು. ಆಮೇಲೆ ಅಂಟುಪಟ್ಟಿ ಬಿಚ್ಚಿ, "ಜೋರಾಗಿ ಉಸಿರು ಬಿಡು" ಎಂದು ಪೈಪು ಎಳೆದರು. ಅಷ್ಟುದ್ದದ ಪೈಪು! ಹರ್ಷ ಸೀನಿದ, ಮತ್ತೆ ಸೀನಿದ, ಮೂಗು ಮುಟ್ಟಿಕೊಂಡು, "ಖಾಲಿ ಐತಿ" ಎಂದ.

ಕೆನ್ನೆಯ ಮೇಲೆ ಪಟ್ಟಿ ಇದ್ದ ಜಾಗ ಬೆಳ್ಳಗೆ ಉಳಿದಿದೆ. ವ್ಯಾನಿನಲ್ಲಿ ದಾರಿಯುದ್ದಕ್ಕೂ ಸುಮಾ ಅದನ್ನೇ ಸವರುತ್ತಿದ್ದಳು. ನನ್ನ ತೊಡೆಯ ಮೇಲೆ ಕೂತಿದ್ದ, ಕಾಲು ಜೋಮು ಹಿಡಿಯಿತು, ಇಳಿಸಲಿಲ್ಲ.

ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾನೆ. ನೀರು, ಹಾಲು ಇನ್ನು ಕುಡಿಸಬಹುದು, ಶಾಲೆಗೆ ಜೂನ್ ಹೊತ್ತಿಗೆ ಎಂದರು.

ಜನವರಿ 25, ಭಾನುವಾರ

ಆನವಟ್ಟಿಗೆ ಹೋಗಿದ್ದೆವು, ಅತ್ತೆಯ ಮನೆಗೆ. ಬೈಕಿನಲ್ಲಿ ನಾನು, ನಡುವೆ ಹರ್ಷ, ಹಿಂದೆ ಸುಮಾ.

ಅತ್ತೆ ಹುಚ್ಚಮ್ಮನಿಗೆ ಮಂಡಿನೋವು, ಆಸ್ಪತ್ರೆಗೆ ಒಮ್ಮೆ ಬಂದವರಿಗೆ ಆಮೇಲೆ ಬರಲಾಗಿರಲಿಲ್ಲ. ಬಾಗಿಲಲ್ಲೇ ಮೊಮ್ಮಗನನ್ನು ಹಿಡಿದುಕೊಂಡು, "ಎಂತಾ ಸಣ್ಣ ಆಗಿದೀಯೋ ತಮಾ, ಇರು, ಇವತ್ತೇ ದಪ್ಪ ಮಾಡ್ತೀನಿ" ಎಂದರು. ಮಾಡಿಯೂ ಬಿಟ್ಟರು. ಕಡುಬು, ಕಾಯಿಹಾಲು, ಮೆತ್ತಗಿನ ದೋಸೆ, ಸಂಜೆ ಹೊರಡುವಾಗ ಮತ್ತೆ ಪಾಯಸ. ಸುಮಾ ಬೇಡ ಬೇಡ ಎಂದಳು. ಅಜ್ಜಿ, ಮೊಮ್ಮಗ ಇಬ್ಬರೂ ಕೇಳಲಿಲ್ಲ. ಕೊನೆಗೆ ಉಳಿದ ಕಡುಬನ್ನು ಡಬ್ಬಿಗೆ ತುಂಬಿ ಕೊಟ್ಟರು.

ಶಿರಾಳಕೊಪ್ಪ ದಾಟಿದ ಮೇಲೆ ಹರ್ಷ ನನ್ನ ಬೆನ್ನು ತಟ್ಟಿ, "ಅಪ್ಪ, ಹೊಟ್ಟೆ" ಎಂದ. ಬೈಕು ನಿಲ್ಲಿಸಿ ಇಳಿಸುವಷ್ಟರಲ್ಲಿ ಬಂದೇ ಬಂತು. ತಕ್ಷಣ ಅವನನ್ನು ಮುಂದಕ್ಕೆ ಬಗ್ಗಿಸಿ, ಹಣೆ ಹಿಡಿದುಕೊಂಡೆ, ಇನ್ನೊಂದು ಕೈ ಬಾಯಿಯ ಕೆಳಗೆ ಕೊಟ್ಟೆ. ಅರ್ಧ ನನ್ನ ಕೈಗೆ, ಅರ್ಧ ಅಂಗಿಗೆ. ಪಕ್ಕದ ಹೊಲದಲ್ಲಿ ಪಂಪು ಓಡುತ್ತಿತ್ತು. ಎತ್ತಿಕೊಂಡು ಹೋಗಿ ಬಾಯಿ ತೊಳೆಸಿದೆ, ಮುಖ ತೊಳೆದೆ, ಅವನ ಅಂಗಿ ಬಿಚ್ಚಿ ಹಿಂಡಿ ಬೈಕಿನ ಹ್ಯಾಂಡಲಿಗೆ ಹರವಿದೆ, ನನ್ನ ಶಾಲು ಹೊದಿಸಿದೆ. ಬಿಸಿಲಿನ್ನೂ ಇತ್ತು, ಬೇಗ ಒಣಗುತ್ತದೆ.

ಸುಮಾ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಳು. ಒಂದು ಬೆರಳೂ ಸಹಾಯ ಮಾಡಲಿಲ್ಲ.

"ಏನು?" ಎಂದೆ.

"ಏನಿಲ್ಲ" ಎಂದಳು. ಮುಖ ಯಾಕೋ ಕೆಂಪಗಾಗಿತ್ತು.

ಹರ್ಷ ಬದುವಿನ ಮೇಲೆ ಕೂತು ಎರಡೂ ಕೈಯಿಂದ ಹೊಟ್ಟೆ ತಡಕಿಕೊಂಡ. ನಾನು ನೋವಾ ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿ, ಪಂಪಿನ ಸದ್ದಿಗಿಂತ ಜೋರಾಗಿ, ಹೊಲದ ಆ ಕಡೆ ಇದ್ದವರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ:

"ಜಾಗ ಆತು ಅಪ್ಪ! ಕಡುಬು ಕೊಡು!"